ರೇಡಿಯೋ ಹಡಗಿನ ತಳ

ಆ ಹಡಗು ಟಗ್ ಬೋಟಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಅದಕ್ಕೆ ಸ್ವಂತ ಎಂಜಿನ್ ಇತ್ತು, ಆದರೆ ಚಾಲೂ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ದೋಹಾದಿಂದ ಉತ್ತರಕ್ಕೆ ಒಂದು ಗಂಟೆ ಗಾಡಿ ಓಡಿಸಿದರೆ ಸಿಗುವ ರಿಪೇರಿ ಯಾರ್ಡಿನ ಜೆಟ್ಟಿಗೆ ಅದನ್ನು ಕಟ್ಟಿದರು. ಹೊಸ ಬಿಳಿ ಬಣ್ಣ, ಸೊಂಟಕ್ಕೆ ಕೆಂಪು ಪಟ್ಟಿ. ದೂರದಿಂದ ಚೆಂದವೇ. ಹತ್ತಿರ ಹೋದರೆ ಹೊಸ ಬಣ್ಣದ ಅಡಿಯಲ್ಲಿ ಹಳೆಯ ಬಣ್ಣಗಳ ಹೊಪ್ಪಳೆ, ಅದರ ಅಡಿಯಲ್ಲಿ ತುಕ್ಕು.

ಹಡಗುಗಳಲ್ಲಿ ವಯರ್‌ಲೆಸ್ ಉಪಕರಣ ಕೂರಿಸುವ, ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಎಂಜಿನಿಯರ್. ಕಾರ್ಗೋ ಹಡಗು, ಟಗ್, ತೈಲದ ಪ್ಲಾಟ್‌ಫಾರ್ಮಿಗೆ ಸಾಮಾನು ಒಯ್ಯುವ ಬೋಟು, ಇವುಗಳ ರೇಡಿಯೋ ಮತ್ತು ರಡಾರ್ ನನ್ನ ನಿತ್ಯದ ಕೆಲಸ. ಹೆಂಗಸೊಬ್ಬಳು ಏಣಿ ಹತ್ತಿ ಮಾಸ್ಟಿನ ತುದಿಗೆ ಹೋಗುವುದನ್ನು ಯಾರ್ಡಿನವರು ಮೊದಮೊದಲು ನಿಂತು ನೋಡುತ್ತಿದ್ದರು. ಈಗ ಯಾರೂ ತಲೆ ಎತ್ತುವುದಿಲ್ಲ.

ಈ ಹಡಗಿನ ಕೆಲಸ ಮಾತ್ರ ಬೇರೆ ತೆರನದು. ಅರುವತ್ತರ ದಶಕದಲ್ಲಿ ಇದು ಒಂದು ರೇಡಿಯೋ ಕೇಂದ್ರವಾಗಿತ್ತು. ಆಗ ಇಂಗ್ಲೆಂಡು ಮತ್ತು ಅದರ ಸುತ್ತಲಿನ ಹಲವು ದೇಶಗಳಲ್ಲಿ ಖಾಸಗಿಯವರಿಗೆ ಪ್ರಸಾರದ ಅನುಮತಿ ಇರಲಿಲ್ಲ. ಹರೆಯದವರು ಬಯಸಿದ ಹಾಡುಗಳು ದಿನಕ್ಕೆ ಸ್ವಲ್ಪ ಹೊತ್ತು ಬಂದರೆ ಬಂತು. ಕೆಲವರು ಹಳೆಯ ಹಡಗುಗಳನ್ನು ಕೊಂಡು, ದೇಶದ ಕಾನೂನು ಮುಗಿಯುವ ಗಡಿಯಾಚೆ ಲಂಗರು ಹಾಕಿ, ಆಂಟೆನಾದ ಎತ್ತರದ ಕಂಬ ನಿಲ್ಲಿಸಿ, ದಡದ ಕಡೆಗೆ ಹಾಡು ಬಿಟ್ಟರು. ಜಾಹೀರಾತೂ ಬಂತು. ಇನ್ನು ಕೆಲವರು ಹಡಗಿನ ಬದಲು ಕಡಲಕೋಟೆಗಳನ್ನು ಹಿಡಿದರು. ಮಹಾಯುದ್ಧದ ಕಾಲದಲ್ಲಿ ವಿಮಾನಗಳನ್ನು ಹೊಡೆದುರುಳಿಸಲು ನದೀಮುಖದ ನೀರಿನಲ್ಲಿ ಕಾಲೂರಿ ನಿಲ್ಲಿಸಿದ್ದ ಗೋಪುರಗಳು ಅವು. ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋಗಿತ್ತು. ಆಮೇಲೆ ಸರಕಾರಗಳು, ಇಂಥ ಕೇಂದ್ರಗಳಿಗೆ ದಡದಿಂದ ಅಕ್ಕಿಬೇಳೆ ಒಯ್ಯುವುದೂ ಅಪರಾಧ ಎಂದು ಕಾನೂನು ಮಾಡಿದವು. ಹೆಚ್ಚಿನವು ಮುಚ್ಚಿದವು. ಕೆಲವನ್ನು ಬಿರುಗಾಳಿಯೇ ಮುಗಿಸಿತು.

ದೋಹಾದ ಒಂದು ಕಾರ್ಯಕ್ರಮ ಸಂಯೋಜನೆಯ ಕಂಪನಿ ಈ ಹಡಗನ್ನು ಕೊಂಡಿತ್ತು. ಚಳಿಗಾಲದ ಪ್ರವಾಸಿಗರ ಕಾಲದಲ್ಲಿ ನಗರದ ಎದುರು ಕೊಲ್ಲಿಯಲ್ಲಿ ನಿಲ್ಲಿಸಿ, ಒಳಗೆ ಕಡಲ ರೇಡಿಯೋದ ಚರಿತ್ರೆ ತೋರಿಸುವುದು. ಸಂಜೆ ದೋಣಿಯಲ್ಲಿ ಅತಿಥಿಗಳನ್ನು ಕರೆತರುವುದು. ಲೈಸೆನ್ಸ್ ಪಡೆದು ಸಣ್ಣ ಶಕ್ತಿಯ ನಿಜವಾದ ಪ್ರಸಾರ ಮಾಡುವುದು. ಹಳೆಯ ಟ್ರಾನ್ಸ್‌ಮಿಟರಿನ ಪೆಟ್ಟಿಗೆಯೊಳಗೆ ಹೊಸ ಯಂತ್ರ ಅಡಗಿಸಿ, ಕಂಬಕ್ಕೆ ಸಂಪರ್ಕ ಕೊಡುವ ಕೆಲಸ ನಮ್ಮ ಪಾಲಿಗೆ ಬಂತು. ನನ್ನ ಮಗಳು ಎಲ್ಲ ಕೇಳಿ, "ಅಮ್ಮಾ, ಅವ್ರು ಸುಮ್ನೆ ಸ್ಟ್ರೀಮ್ ಮಾಡ್ಬಹುದಿತ್ತಲ್ಲ?" ಎಂದಳು. ನಾನು ನಕ್ಕೆ. ಆದರೆ ನನಗೆ ಈ ಕೆಲಸ ನಿಜಕ್ಕೂ ಬೇಕಿತ್ತು. ಕಾಲೇಜಿನಲ್ಲಿ ಪುಸ್ತಕದಲ್ಲಷ್ಟೇ ಓದಿದ್ದ ಮೀಡಿಯಂ ವೇವ್ ಪ್ರಸಾರವನ್ನು ಕೈಯಾರೆ ಮಾಡುವ ಅವಕಾಶ ಇನ್ನೊಮ್ಮೆ ಬರುವಂಥದ್ದಲ್ಲ.

ಮೊದಲ ವಾರ ಹಳೆಯ ಎಂಜಿನಿಯರ್ ಬಂದರು. ಎಂಬತ್ತರ ಗಡಿಯ ಇಂಗ್ಲಿಷ್ ಮನುಷ್ಯ. ಇಪ್ಪತ್ತರ ಹರೆಯದಲ್ಲಿ ಮೊದಲು ಒಂದು ಕಡಲಕೋಟೆಯಲ್ಲಿ, ಆಮೇಲೆ ಇದೇ ಹಡಗಿನಲ್ಲಿ ಟ್ರಾನ್ಸ್‌ಮಿಟರ್ ನೋಡಿಕೊಂಡಿದ್ದವರು. ಕಂಪನಿ ಅವರನ್ನು ಸಲಹೆಗಾರರೆಂದು ಕರೆಸಿತ್ತು. ಗ್ಯಾಂಗ್‌ವೇ ಹಲಗೆಯಿಂದ ಹಡಗು ಹತ್ತುವಾಗ ನಾನು ಕೈ ಚಾಚಿದೆ. ಅವರು ಹಿಡಿಯಲಿಲ್ಲ. ಹಡಗಿನ ಬಾಗಿಲಲ್ಲಿ ಮಾತ್ರ ನೋಡದೆಯೇ ತಲೆ ತಗ್ಗಿಸಿದರು. ಅಲ್ಲಿ ಕಬ್ಬಿಣದ ತೊಲೆ ಇತ್ತು. ನಾನು ಅವತ್ತು ಬೆಳಿಗ್ಗೆ ಅದಕ್ಕೇ ಹಣೆ ಬಡಿಸಿಕೊಂಡಿದ್ದೆ.

ಮಧ್ಯಾಹ್ನ ಡೆಕ್ಕಿನ ನೆರಳಲ್ಲಿ ಕುಳಿತು ಅವರು ಕೋಟೆಯ ಕಥೆ ಹೇಳುತ್ತಿದ್ದರು. ಏಳು ಉಕ್ಕಿನ ಮನೆಗಳು, ಒಂದೊಂದಕ್ಕೂ ನಾಲ್ಕು ಕಾಲು, ನಡುವೆ ಗಾಳಿಗೆ ತೂಗುವ ಕಾಲುಸಂಕ. ದೋಣಿಯಿಂದ ಮೇಲೆ ಹೋಗಲು ಮೆಟ್ಟಿಲಿಲ್ಲ. ಹಲಗೆಯ ಮೇಲೆ ಕೂರಿಸಿ ರಾಟೆಯಿಂದ ಎಳೆಯುತ್ತಿದ್ದರು. "ನಮ್ಮ ಹಾಡು ಲಕ್ಷಾಂತರ ಜನ ಕೇಳುತ್ತಾರೆ ಎಂದು ಗೊತ್ತಿತ್ತು. ಆದರೆ ನಮಗೆ ಕೇಳಿಸುತ್ತಿದ್ದದ್ದು ಜನರೇಟರ್ ಮಾತ್ರ. ಕೇಳುವವರ ಮುಖ ಒಂದು ದಿನವೂ ನೋಡಲಿಲ್ಲ," ಎಂದರು. ಹಡಗಿಗೆ ಬಂದ ಮೇಲೆ ಪರವಾಗಿಲ್ಲ ಎನಿಸಿತಂತೆ. ಹಡಗು ಕನಿಷ್ಠ ಅಲುಗುತ್ತಿತ್ತು.

ಕೆಲಸ ಶುರುವಾಯಿತು. ಹೊಸ ಕಂಬದ ತುಂಡುಗಳು ಜೆಟ್ಟಿಯ ಮೇಲೆ ಸಾಲಾಗಿ ಮಲಗಿದ್ದವು. ಕಂಬದ ಬುಡಕ್ಕೆ ವಿದ್ಯುತ್ ಒಯ್ಯಲು ಡೆಕ್ಕಿನಲ್ಲಿ ದೊಡ್ಡ ಪಿಂಗಾಣಿಯ ಗೂಟ ಬೇಕು. ಹಳೆಯದು ಬಿರುಕು ಬಿಟ್ಟಿತ್ತು. ಬದಲಿಗೆ ತರಿಸಿದ್ದು ದಾರಿಯಲ್ಲೇ ಒಡೆದು ಬಂತು. ಮತ್ತೊಂದು ಬರುವವರೆಗೆ ನಾನು ಅರ್ಥಿಂಗ್ ಕಡೆಗೆ ತಿರುಗಿದೆ.

ಮೀಡಿಯಂ ವೇವ್ ಪ್ರಸಾರದಲ್ಲಿ ಕಂಬ ಅರ್ಧ ಮಾತ್ರ, ಉಳಿದರ್ಧ ಭೂಮಿ. ದಡದ ಕೇಂದ್ರಗಳಲ್ಲಿ ಮಣ್ಣಿನಡಿ ತಾಮ್ರದ ತಂತಿ ಹರಡುತ್ತಾರೆ. ಹಡಗಿನಲ್ಲಿ ಮಣ್ಣು ಎಲ್ಲಿಂದ? ಹಡಗಿನ ಉಕ್ಕಿನ ಮೈ, ಅದರ ಸುತ್ತಲಿನ ಉಪ್ಪುನೀರು, ಅದೇ ಭೂಮಿ. ಹಾಗಾಗಿ ಟ್ರಾನ್ಸ್‌ಮಿಟರಿನಿಂದ ಹಡಗಿನ ಮೈಗೆ ಅಗಲವಾದ ತಾಮ್ರದ ಪಟ್ಟಿಗಳನ್ನು ಕಟ್ಟಿರುತ್ತಾರೆ. ನಾನು ಆ ಪಟ್ಟಿಗಳನ್ನು ಹುಡುಕುತ್ತ ಡೆಕ್ಕಿನ ಕೆಳಗಿನ ಟ್ರಾನ್ಸ್‌ಮಿಟರ್ ಕೋಣೆಯ ನೆಲದ ಹಲಗೆ ಕಿತ್ತೆ. ಅಡಿಯಲ್ಲಿ ಸಿಮೆಂಟು. ಎತ್ತರದ ಕಂಬದ ಭಾರಕ್ಕೆ ಹಡಗು ಮಗುಚದಂತೆ ತಳದಲ್ಲಿ ಭಾರ ಬೇಕೆಂದು ಆಗಲೇ ಸುರಿದದ್ದಿರಬೇಕು ಎಂದುಕೊಂಡೆ. ಎರಡು ತಾಮ್ರದ ಪಟ್ಟಿಗಳು ಗೋಡೆಯಿಂದ ಇಳಿದು ಆ ಸಿಮೆಂಟಿನೊಳಗೆ ಹೋಗಿದ್ದವು. ಹೋದಲ್ಲಿ ಸಿಮೆಂಟಿನ ಮೇಲೆ ಹಸಿರು ಕಲೆ. ಬೆರಳಿಟ್ಟರೆ ಒದ್ದೆ. ನಾಲಗೆಗೆ ತಾಗಿಸಿದೆ: ಉಪ್ಪು.

ತಾಮ್ರ ಮತ್ತು ಉಕ್ಕು ಉಪ್ಪುನೀರಿನಲ್ಲಿ ಒಟ್ಟಿಗಿದ್ದರೆ ಅದೊಂದು ಬ್ಯಾಟರಿ. ತಾಮ್ರಕ್ಕೆ ಏನೂ ಆಗುವುದಿಲ್ಲ. ಉಕ್ಕು ಕರಗುತ್ತ ಹೋಗುತ್ತದೆ. ನಾನು ಪಟ್ಟಿಯ ಮೇಲಿನ ಬೋಲ್ಟ್ ಬಿಚ್ಚಿ, ಪಟ್ಟಿಗೂ ಹಡಗಿನ ಮೈಗೂ ನಡುವೆ ಮೀಟರ್ ಇಟ್ಟೆ. ತಳದಲ್ಲಿ ಪಟ್ಟಿಯನ್ನು ಹಡಗಿಗೆ ಬಿಗಿದ ಬೋಲ್ಟುಗಳು ಗಟ್ಟಿ ಇದ್ದಿದ್ದರೆ ಮೀಟರ್ ಸೊನ್ನೆಯಲ್ಲಿ ನಿಲ್ಲಬೇಕಿತ್ತು. ಮುಳ್ಳು ಮೇಲೆ ಹೋಗಿ ಅಲ್ಲೇ ನಿಂತಿತು. ಅಂದರೆ ಬೋಲ್ಟುಗಳು ಹೋಗಿವೆ. ಬೋಲ್ಟನ್ನು ತಿಂದದ್ದು ತಗಡನ್ನು ಬಿಟ್ಟೀತೇ?

ಆ ಕೋಣೆಯ ಬಾಗಿಲಲ್ಲಿ ಬೋಸನ್ ನಿಂತಿದ್ದರು. ಡೆಕ್ಕಿನ ಕೆಲಸಗಾರರ ಮುಖ್ಯಸ್ಥನನ್ನು ಹಡಗಿನವರು ಹಾಗೆ ಕರೆಯುತ್ತಾರೆ. ಕುಂದಾಪುರ ಕಡೆಯವರು, ತಂದೆ ಮೀನಿನ ದೋಣಿ ನಡೆಸುವ ತಾಂಡೇಲರಾಗಿದ್ದರಂತೆ. ಇನ್ನಿಬ್ಬರು ನಾವಿಕರ ಜೊತೆ ಹಡಗಿನಲ್ಲೇ ಮಲಗುತ್ತಿದ್ದರು. ನಾನು ಮಂಗಳೂರಿನವಳೆಂದು ಗೊತ್ತಾದ ದಿನದಿಂದ ಅವರು ನನ್ನೊಡನೆ ಕನ್ನಡ ಬಿಟ್ಟು ಬೇರೆ ಮಾತಾಡಿದವರಲ್ಲ.

"ಎಂತ ಕಾಣ್ತಿದ್ರಿ ಮೇಡಂ?" ಎಂದರು.

"ಇಲ್ಲಿ ನೀರು ಉಂಟು. ಇದು ಎಲ್ಲಿಂದ ಬರುವುದು?"

ಅವರು ಹಿಂದೆ ತಿರುಗಿ ಯಾರೂ ಇಲ್ಲವೆಂದು ನೋಡಿಕೊಂಡರು. "ಬರುವಾಗ ಪಂಪ್ ಬೆಳಿಗ್ಗೆ ಒಂದ್ಸಲ ಬಿಟ್ರೆ ಸಾಕಿತ್ತ್. ಈಗ ಊಟಕ್ಕೆ ಮುಂಚೆ ಮತ್ತೊಂದ್ಸಲ ಬಿಡ್ಕ್. ಈ ವಾರ ಸಂಜೆಗೂ."

"ಮೇಲಿನವರಿಗೆ ಹೇಳಿದಿರಾ?"

"ಹೇಳ್ದೆ. ಹಳೆ ಹಡಗಂದ್ರೆ ಬೆವರ್ತ್ ಅಂದ್ರ್. ನನ್ ಹೆಸ್ರ್ ಎಲ್ಲೂ ಹೇಳ್ಬೇಡಿ ಮಾರಾಯ್ರೆ. ಈ ವೀಸಾ ಸಿಕ್ಕೂಕೆ ಎಷ್ಟ್ ಕಷ್ಟ ಆಯ್ತ್ ಅಂದೇಳಿ ನಂಗೊತ್ತ್."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನಮ್ಮ ಮ್ಯಾನೇಜರ್ ಕೇರಳದವರು, ಕೆಟ್ಟ ಮನುಷ್ಯರಲ್ಲ. ಇಂಡಸ್ಟ್ರಿಯಲ್ ಏರಿಯಾದ ಆಫೀಸಿನಲ್ಲಿ ಅವರ ಮುಂದೆ ಕುಳಿತು ತಾಮ್ರ, ಉಪ್ಪು, ಮೀಟರ್ ಎಲ್ಲ ವಿವರಿಸಿದೆ. ಅವರು ಕರಕ್ ಚಹಾದ ಕಪ್ಪನ್ನು ಮೇಜಿನ ಮೇಲೆ ತಿರುಗಿಸುತ್ತ ಕೇಳಿದರು. "ಮೇಡಂ, ಹಮಾರಾ ಸ್ಕೋಪ್ ರೇಡಿಯೋ ಹೈ. ಹಲ್ ಹಮಾರಾ ನಹೀ. ಹಡಗಿನ ಮೈ ನೋಡಲು ಅವರದ್ದೇ ಸರ್ವೇಯರ್ ಇದ್ದಾರಲ್ಲ? ಓಕೆ ಅಂದಿದ್ದಾರೆ. ಖಲಾಸ್."

ನಾನು ಆ ಸರ್ವೇಯರಿಗೆ ಫೋನ್ ಮಾಡಿದೆ. ಅವರೂ ಮುಚ್ಚುಮರೆ ಮಾಡಲಿಲ್ಲ. ಹಡಗಿನ ತಗಡಿನ ದಪ್ಪವನ್ನು ಶಬ್ದದ ಅಲೆಯಿಂದ ಅಳೆಯುವ ಉಪಕರಣವನ್ನು ಒಳಗಿನಿಂದ ಇಟ್ಟು ನೋಡಿದ್ದರು. ನೋಡಿದ ಕಡೆಯೆಲ್ಲ ತಗಡು ಚೆನ್ನಾಗಿತ್ತು. "ಸಿಮೆಂಟಿನ ಕೆಳಗೆ?" ಎಂದೆ. "ಸಿಮೆಂಟಿನ ಕೆಳಗೆ ಹೇಗೆ ನೋಡುವುದು? ನೀರಿನಿಂದ ಎತ್ತಿ ಡಾಕಿಗೆ ಹತ್ತಿಸಿದರೆ ಹೊರಗಿನಿಂದ ನೋಡಬಹುದು. ಅದಕ್ಕೆ ಅವರಲ್ಲಿ ಸಮಯವಿಲ್ಲ," ಎಂದರು.

ಹಾಗಾದರೆ ನಾನೇ ನೋಡುತ್ತೇನೆ ಎಂದು ತೀರ್ಮಾನಿಸಿದೆ. ಪಟ್ಟಿ ಇಳಿದ ಜಾಗದಲ್ಲಿ ಅಂಗೈಯಗಲ ಸಿಮೆಂಟು ಒಡೆದರೆ ತಳ ಕಾಣುತ್ತದೆ. ಹೊಸ ಅರ್ಥಿಂಗ್ ಬೋಲ್ಟ್ ಕೂರಿಸಲು ಎಂದರೆ ಯಾರೂ ಆಕ್ಷೇಪಿಸಲಾರರು. ಮರುದಿನ ಬೆಳಿಗ್ಗೆ ಒಡೆಯುವ ಮೆಷಿನ್ ತಂದು ವಯರ್ ಜೋಡಿಸುತ್ತಿದ್ದೆ. ಹಳೆಯ ಎಂಜಿನಿಯರ್ ಕಡಿದಾದ ಏಣಿಯಿಂದ ಒಂದೊಂದೇ ಹೆಜ್ಜೆ ಇಟ್ಟು ಇಳಿದು ಬಂದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಬೇಡ. ಅದನ್ನು ಕೆಳಗಿಡಿ," ಎಂದರು. ದನಿ ಏರಿಸಲಿಲ್ಲ. ಆದರೆ ನಾನು ಇಟ್ಟೆ.

ಅವರು ಮೆಟ್ಟಿಲ ಮೇಲೆ ಕೂತು ಹೇಳಿದರು. ಒಂದು ಚಳಿಗಾಲದ ಬಿರುಗಾಳಿಯಲ್ಲಿ ಲಂಗರಿನ ಸರಪಳಿ ಕಡಿದು ಹಡಗು ಮರಳದಿಬ್ಬಕ್ಕೆ ಬಡಿದಿತ್ತು. ಇದೇ ಕೋಣೆಯಲ್ಲಿ ತಗಡಿನ ಜೋಡಣೆ ಬಾಯಿಬಿಟ್ಟು ನೀರು ಬುಗ್ಗೆಯಂತೆ ಬಂತು. ದಡಕ್ಕೆ ಹೋದರೆ ಬಂಧನ, ಟ್ರಾನ್ಸ್‌ಮಿಟರ್ ಜಪ್ತಿ. ಆದ್ದರಿಂದ ಯಾರೂ ದಡಕ್ಕೆ ಹೋಗುವ ಮಾತೆತ್ತಲಿಲ್ಲ. ಹಾಸಿಗೆ ತುರುಕಿ, ಮೇಲೆ ಹಲಗೆ ಬಿಗಿದು, ಸಿಮೆಂಟಿಗೆ ಬಟ್ಟೆ ಒಗೆಯುವ ಸೋಡಾ ಬೆರೆಸಿ ಸುರಿದರು. ಸೋಡಾ ಬಿದ್ದರೆ ಸಿಮೆಂಟು ಬೇಗ ಗಟ್ಟಿಯಾಗುತ್ತದೆ. ಹಾಡು ಹಾಕುವವರು, ಅಡುಗೆಯವನು, ಇವರು, ಎಲ್ಲರೂ ಬಕೆಟ್ ಎತ್ತಿದವರೇ. ಬೆಳಗಾಗುವಾಗ ನೀರು ನಿಂತಿತು. ತಿಂಡಿಯ ಹೊತ್ತಿಗೆ ಪ್ರಸಾರವೂ ಶುರುವಾಯಿತು.

"ಆಮೇಲೆ ಅದನ್ನು ಸರಿಯಾಗಿ ರಿಪೇರಿ ಮಾಡಲಿಲ್ಲವೇ?" ಎಂದೆ.

"ಮಾಡಿರಬಹುದು ಎಂದುಕೊಂಡಿದ್ದೆ. ನಾನು ಬಿಟ್ಟ ಮೇಲೆ ಎಷ್ಟೋ ಮಾಲೀಕರು ಬಂದರು. ಆದರೆ ಇಲ್ಲಿಗೆ ಬಂದು ನೋಡಿದರೆ ಸಿಮೆಂಟಿನ ಮೇಲೆ ನಮ್ಮ ಹಲಗೆಯ ಅಚ್ಚು ಹಾಗೇ ಇದೆ." ಅವರು ಮೆಷಿನ್ನಿನ ಕಡೆ ನೋಡಿ, "ಎಂಜಿನಿಯರ್, ನೀವು ಅದನ್ನು ಒಡೆದರೆ ಈ ಹಡಗು ಜೆಟ್ಟಿಯಲ್ಲೇ ಕೂರುತ್ತದೆ. ಒಡೆಯಬೇಡಿ. ಕಂಬ ನಿಲ್ಲಿಸಿ. ಒಂದು ಸಂಜೆ ಪ್ರಸಾರವಾಗಲಿ. ಆಮೇಲೆ ನಾನೇ ಎಲ್ಲರಿಗೂ ಹೇಳುತ್ತೇನೆ. ಇಷ್ಟು ವರ್ಷ ನಿಂತದ್ದು ಇನ್ನೊಂದು ಸಂಜೆ ನಿಲ್ಲದೇ?" ಎಂದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರು ಕೇಳಿದ್ದು ಪ್ರಾಯದ ದಿನಗಳ ಒಂದು ತುಣುಕು, ಅಷ್ಟೇ. ನಿಜ ಹೇಳಬೇಕೆಂದರೆ, ಆ ಹಡಗಿನಿಂದ ಹೊರಟ ದನಿ ನಗರದ ಒಂದು ಕಾರ್ ರೇಡಿಯೋದಲ್ಲಿ ಕೇಳುವುದನ್ನು ನಾನೂ ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ. ಒಡೆಯುವ ಮೆಷಿನ್ನನ್ನು ಗಾಡಿಗೆ ಹಾಕಿಕೊಂಡು ವಾಪಸು ಬಂದೆ.

ಶುಕ್ರವಾರ ರಜೆ. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನಾನು ಬಂಗುಡೆ ತೊಳೆಯುತ್ತ ಅದನ್ನೇ ಯೋಚಿಸುತ್ತಿದ್ದೆ. ಕಂಬವಿಲ್ಲದ ಹಡಗು ಒಂದು ಲೆಕ್ಕ. ಎತ್ತರದ ಕಂಬ ನಿಂತ ಮೇಲೆ, ತಳದಲ್ಲಿ ಸಡಿಲ ನೀರು ಅತ್ತಿಂದಿತ್ತ ಹರಿಯತೊಡಗಿದರೆ, ಅದು ಮೆಲ್ಲಗೆ ಮುಳುಗುವ ಹಡಗಲ್ಲ. ಒಂದು ಬದಿಗೆ ಮಗುಚುವ ಹಡಗು. ಒಳಗೆ ಕಿರಿದಾದ ಏಣಿಗಳು, ಕೆಳಗಿನ ಕೋಣೆಗಳಲ್ಲಿ ಪ್ರದರ್ಶನ ನೋಡುವ ಜನ, ಮಕ್ಕಳು. ಅವರಿಗೆ ಮುಂಚೆ, ದಿನವೂ ಅಲ್ಲಿ ಮಲಗುವ ಮೂವರು.

ನನ್ನ ಗಂಡ ಎಲ್ಲ ಕೇಳಿದರು. "ನೀನು ಹೇಳಿದ್ದಾಯಿತಲ್ಲ. ಅವರು ಕೇಳಲಿಲ್ಲ. ನಿನ್ನ ಕೆಲಸ ರೇಡಿಯೋದ್ದು ಮಾತ್ರ ಮಾರಾಯ್ತಿ," ಎಂದರು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, "ಆ ಹಡಗಿಗೆ ನಮ್ಮ ಮಗುವನ್ನು ಕಳಿಸ್ತೀಯಾ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಕಂಬ ಎತ್ತುವ ದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಕ್ರೇನ್ ಬಂದು ಕಾಲು ಹರಡಿ ನಿಂತಿತ್ತು. ಕಾರ್ಯಕ್ರಮ ಕಂಪನಿಯ ಪ್ರತಿನಿಧಿ, ಲೆಬನಾನಿನ ತರುಣ, ಫೋನಿನಲ್ಲಿ ವಿಡಿಯೋ ತೆಗೆಯಲು ಸಜ್ಜಾಗಿದ್ದ. ಕ್ರೇನ್ ಎತ್ತುವ ಮೊದಲು ಬುಡದ ಪಿಂಗಾಣಿ, ಬಿಗಿತದ ತಂತಿಗಳು ಸರಿಯಿವೆಯೆಂದು ನಾನು ಒಪ್ಪಿಗೆ ಕೊಡಬೇಕು. ಅದೊಂದೇ ನನ್ನ ಕೈಯಲ್ಲಿದ್ದ ಅಧಿಕಾರ.

"ಯಲ್ಲಾ, ಮೇಡಂ," ಎಂದು ಅವನು ಅವಸರಿಸಿದ.

"ಎತ್ತುವ ಹಾಗಿಲ್ಲ. ಹಡಗನ್ನು ಡಾಕಿಗೆ ಹತ್ತಿಸಿ ತಳ ನೋಡುವವರೆಗೆ ನಾನು ಒಪ್ಪಿಗೆ ಕೊಡುವುದಿಲ್ಲ," ಎಂದೆ. ಇಂಗ್ಲಿಷಿನಲ್ಲಿ ಹೇಳಿದ್ದು, ನನ್ನ ದನಿ ನನಗೇ ಬೇರೆಯವರದೆನಿಸಿತು.

ಅವನು ನಮ್ಮ ಮ್ಯಾನೇಜರಿಗೆ ಫೋನ್ ಹಚ್ಚಿದ. ಮ್ಯಾನೇಜರ್ ನನ್ನೊಡನೆ ಮಾತಾಡಿದರು. ಮೊದಲು ಸಮಾಧಾನ, ಆಮೇಲೆ ಕೋಪ, ಕೊನೆಗೆ "ನಾನು ಬೇರೆ ಎಂಜಿನಿಯರನ್ನು ಕಳಿಸುತ್ತೇನೆ" ಎಂಬ ಮಾತು. ಬೇರೆಯವರು ಬಂದರೆ ಮಧ್ಯಾಹ್ನದೊಳಗೆ ಕಂಬ ನಿಲ್ಲುತ್ತದೆ. ನಾನು ಜೆಟ್ಟಿಯ ತುದಿಗೆ ನಡೆದು, ಬಂದರಿನ ಸುರಕ್ಷತಾ ಅಧಿಕಾರಿಗೆ ಫೋನ್ ಮಾಡಿದೆ. ವಯರ್‌ಲೆಸ್ ತಪಾಸಣೆಯ ಕೆಲಸದಿಂದ ಅವರ ಪರಿಚಯವಿತ್ತು. ನನ್ನ ಹೆಸರು, ಕಂಪನಿಯ ಹೆಸರು, ಹಡಗಿನ ಹೆಸರು ಹೇಳಿದೆ. ಅಷ್ಟು ವರ್ಷದಲ್ಲಿ ಕಂಪನಿಯನ್ನು ದಾಟಿ ಹೊರಗಿನವರಿಗೆ ನಾನು ಕೊಟ್ಟ ಮೊದಲ ದೂರು ಅದು.

ಅಧಿಕಾರಿ ಬಿಳಿ ನಿಲುವಂಗಿ ಥೋಬಿನ ಮೇಲೆ ಹೊಳೆಯುವ ಸೇಫ್ಟಿ ಜಾಕೆಟ್ ಹಾಕಿಕೊಂಡು ಬಂದರು. ಕೆಳಗಿಳಿದು ಹಸಿರು ಕಲೆ ನೋಡಿದರು. ಮೀಟರ್ ಇಟ್ಟು ತೋರಿಸಿದೆ. ಅವರಿಗೆ ಮೀಟರಿಗಿಂತ ನೀರಿನ ಮೇಲೆ ಗಮನ. ಡೆಕ್ಕಿಗೆ ಬಂದು, "ತಳದ ನೀರೆತ್ತುವ ಬಿಲ್ಜ್ ಪಂಪ್ ದಿನಕ್ಕೆ ಎಷ್ಟು ಸಲ ಓಡುತ್ತದೆ?" ಎಂದು ನನ್ನನ್ನು ಕೇಳಿದರು.

ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಹೇಗೆ ಎಂದು ಮುಂದಿನ ಪ್ರಶ್ನೆ ಬರುತ್ತದೆಂಬುದೂ ಗೊತ್ತಿತ್ತು. "ನಾನು ಇಲ್ಲಿ ಇಡೀ ದಿನ ಇರುವುದಿಲ್ಲ," ಎಂದೆ. ಕಂಪನಿಯ ಪ್ರತಿನಿಧಿ ಕೂಡಲೇ, "ಬೆಳಿಗ್ಗೆ ಒಂದು ಸಲ. ಮಾಫಿ ಮುಷ್ಕಿಲ್, ತೊಂದರೆಯೇನಿಲ್ಲ," ಎಂದ. ಸುಳ್ಳು ಹೇಳಿದನೆಂದು ನಾನು ಹೇಳಲಾರೆ. ಅವನು ಅಷ್ಟೇ ನಂಬಿದ್ದ.

ಅಧಿಕಾರಿ ಹಗ್ಗ ಸುತ್ತುತ್ತಿದ್ದ ಬೋಸನ್ ಕಡೆ ತಿರುಗಿದರು. "ಪಂಪ್ ಕಿತ್ನಾ ಬಾರ್?"

ಬೋಸನ್ ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಿದೆ. ಹೇಳಿ ಎಂದೂ ಹೇಳಬೇಡಿ ಎಂದೂ ಸನ್ನೆ ಮಾಡಲು ನನ್ನಿಂದ ಆಗಲಿಲ್ಲ. ಅವರು ಹಗ್ಗವನ್ನು ಕೆಳಗಿಟ್ಟರು.

"ಪೆಹಲೇ ಏಕ್ ಬಾರ್, ಸಾಬ್. ಅಬ್ ತೀನ್ ಬಾರ್. ಕಲ್ ಚಾರ್ ಬಾರ್." ಒಂದಿದ್ದದ್ದು ಮೂರಾಗಿ, ನಿನ್ನೆ ನಾಲ್ಕು ಸಲವಾಗಿತ್ತು.

ಕ್ರೇನ್ ಮಡಚಿಕೊಂಡು ಹೋಯಿತು. ಅಧಿಕಾರಿ ಎರಡು ಆದೇಶ ಕೊಟ್ಟರು: ಹಡಗಿನಲ್ಲಿ ಯಾರೂ ಮಲಗಕೂಡದು, ತಳ ನೋಡದೆ ಹಡಗು ಜೆಟ್ಟಿ ಬಿಡಕೂಡದು. ಮೂವರು ನಾವಿಕರಿಗೆ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿ ಹಾಸಿಗೆ ಕೊಡಿಸಿದರು. ಬೋಸನ್ ತಮ್ಮ ಕಬ್ಬಿಣದ ಪೆಟ್ಟಿಗೆ ಹೊತ್ತು ಬಸ್ಸಿಗೆ ಹತ್ತುವಾಗ ನಾನು ಹತ್ತಿರ ಹೋದೆ. "ನಾನು ನಿಮ್ಮ ಹೆಸರು ಹೇಳಿರಲಿಲ್ಲ," ಎಂದೆ.

"ಗೊತ್ತಿತ್ತ್ ಮೇಡಂ. ನಂಗೇ ಹೇಳ್ಕ್ ಅಂದೇಳಿ ಆಯ್ತ್," ಎಂದರು. ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

ಯಾರ್ಡಿನಲ್ಲಿ ಒಂದು ತೇಲುವ ಡಾಕ್ ಇತ್ತು. ನೀರಿನಲ್ಲಿ ತಗ್ಗಿ ಹಡಗಿನ ಕೆಳಗೆ ನುಸುಳಿ, ತನ್ನೊಳಗಿನ ನೀರು ಹೊರಹಾಕಿ ಮೇಲೇಳುವ ದೊಡ್ಡ ತೊಟ್ಟಿ ಅದು. ಹಡಗಿನ ಸರದಿ ಬಂದಾಗ ಹಳೆಯ ಎಂಜಿನಿಯರೂ ಬಂದು ನಿಂತರು. ಕ್ರೇನ್ ವಾಪಸು ಹೋದ ದಿನದಿಂದ ಅವರು ನನ್ನೊಡನೆ ಹೆಚ್ಚು ಮಾತಾಡಿರಲಿಲ್ಲ. ಡಾಕ್ ಏರಿತು. ಹಡಗಿನ ಹೊಟ್ಟೆ ನೀರಿನಿಂದ ಹೊರಬಂತು, ಪಾಚಿ, ಚಿಪ್ಪು, ತುಕ್ಕು. ಎಲ್ಲ ಕಡೆ ನೀರು ತೊಟ್ಟಿಕ್ಕಿ ನಿಂತಿತು. ಒಂದು ಕಡೆ ಮಾತ್ರ ನಿಲ್ಲಲಿಲ್ಲ. ಟ್ರಾನ್ಸ್‌ಮಿಟರ್ ಕೋಣೆಯ ಅಡಿಯಲ್ಲಿ, ಎರಡು ಗೆರೆಯಾಗಿ, ಹಡಗಿನೊಳಗಿನ ನೀರು ಹೊರಗೆ ಸುರಿಯುತ್ತಲೇ ಇತ್ತು.

ಯಾರ್ಡಿನ ಫೋರ್‌ಮನ್ ಸುತ್ತಿಗೆ ತಂದು ಅಲ್ಲಿ ಬಡಿದರು. ಜೋರಾಗಿಯೇನಲ್ಲ, ಬಾಗಿಲು ತಟ್ಟಿದ ಹಾಗೆ. ಸುತ್ತಿಗೆ ಒಳಗೆ ಹೋಯಿತು. ಹಪ್ಪಳದಂತೆ ತಗಡು ಚೂರಾಗಿ ಬಿತ್ತು. ಆಚೆಗೆ ಸಿಮೆಂಟು, ಅದರ ಮೈಗೆ ಅಂಟಿದ ಹಾಸಿಗೆಯ ಅರಿವೆಯ ನೇಯ್ಗೆ, ಹೊಳೆಯುವ ತಾಮ್ರದ ಒಂದು ತುದಿ. ಇಷ್ಟು ದಿನ ಹಡಗನ್ನು ತೇಲಿಸಿದ್ದು ಆ ಸಿಮೆಂಟು.

ನಾನು ಹಳೆಯ ಎಂಜಿನಿಯರ್ ಕಡೆ ನೋಡಿದೆ. ಅವರು ಬಗ್ಗಿ, ಬಿದ್ದ ಚೂರೊಂದನ್ನು ಎತ್ತಿ, ಬೆರಳುಗಳ ನಡುವೆ ಪುಡಿ ಮಾಡಿದರು. "ಕಂಬ ನಿಂತಿದ್ದರೆ..." ಎಂದು ಶುರುಮಾಡಿ ಮುಗಿಸಲಿಲ್ಲ.

ಮಾಲೀಕರು ರಿಪೇರಿಗೆ ಒಪ್ಪಲಿಲ್ಲ. ಕಾರ್ಯಕ್ರಮ ರದ್ದಾಯಿತು, ಹಡಗನ್ನು ಅಲ್ಲೇ ಕತ್ತರಿಸಿ ಮಾರಲು ತೀರ್ಮಾನವಾಯಿತು. ನಮ್ಮ ಕಂಪನಿಗೆ ಆ ಮಾಲೀಕರ ಬೇರೆ ಕೆಲಸಗಳೂ ತಪ್ಪಿದವು. ಮ್ಯಾನೇಜರ್ ನನ್ನನ್ನು ತೆಗೆಯಲಿಲ್ಲ. "ನೀವು ಮಾಡಿದ್ದು ಸರಿ," ಎಂದರು, ಮರುದಿನದಿಂದ ನನ್ನನ್ನು ಹೊರಗಿನ ಕೆಲಸಕ್ಕೆ ಕಳಿಸುವುದು ನಿಲ್ಲಿಸಿದರು. ವರ್ಕ್‌ಶಾಪಿನಲ್ಲಿ ಕೂತು ಕೈ ವಾಕಿಟಾಕಿಗಳ ಬ್ಯಾಟರಿ ಬದಲಿಸುವುದು ಈಗಲೂ ನನ್ನ ಕೆಲಸದ ದೊಡ್ಡ ಪಾಲು. ನಾವಿಕರಲ್ಲಿ ಇಬ್ಬರಿಗೆ ಮಾಲೀಕರು ಬೇರೆ ಬೋಟು ತೋರಿಸಿದರು. ಬೋಸನ್‌ಗೆ ಊರಿನ ಟಿಕೆಟ್ ಬಂತು. ಕಾರಣ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ನಾನು ನನಗೆ ಗೊತ್ತಿದ್ದ ಟಗ್ ಕಂಪನಿಗಳಿಗೆಲ್ಲ ಫೋನ್ ಮಾಡಿದೆ. ಕೆಲವರು ನಂಬರು ಬರೆದುಕೊಂಡರು.

ನಮ್ಮ ಹೊಸ ಟ್ರಾನ್ಸ್‌ಮಿಟರನ್ನು ಬಿಚ್ಚಿ ತರುವುದು ಬಾಕಿಯಿತ್ತು. ಬಿಚ್ಚುವ ಮೊದಲು ಅದು ಸುಸ್ಥಿತಿಯಲ್ಲಿದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಆಂಟೆನಾ ಬದಲು ಡಮ್ಮಿ ಲೋಡ್ ಎಂಬ ದೊಡ್ಡ ರೆಸಿಸ್ಟರ್ ಜೋಡಿಸುತ್ತೇವೆ. ಟ್ರಾನ್ಸ್‌ಮಿಟರಿನ ಶಕ್ತಿಯನ್ನೆಲ್ಲ ಅದು ಶಾಖ ಮಾಡಿ ನುಂಗಿಬಿಡುತ್ತದೆ. ಹೊರಗೆ ಹೋಗುವುದು ನಾಲ್ಕು ಮಾರು ದೂರಕ್ಕೆ ಒಸರುವಷ್ಟು ಮಾತ್ರ. ಆ ಬೆಳಿಗ್ಗೆ ಹಳೆಯ ಎಂಜಿನಿಯರನ್ನು ಬರಹೇಳಿದೆ. ಅವರ ವಿಮಾನ ಮರುದಿನ. ಬೋಸನ್ ಕೂಡ ಉಳಿದ ಸಾಮಾನು ಒಯ್ಯಲು ಬಂದಿದ್ದರು. ಅವರ ಕೈಗೆ ಒಂದು ಪುಟ್ಟ ರೇಡಿಯೋ ಕೊಟ್ಟು ಹಡಗಿನ ಹೊಟ್ಟೆಯ ಕೆಳಗೆ ನಿಲ್ಲಿಸಿದೆ.

ಡೆಕ್ಕಿನ ಮೇಲಿನ ಕೋಣೆಗೆ ವಯರ್ ಎಳೆದು, ಮೈಕನ್ನು ಎಂಜಿನಿಯರ್ ಮುಂದಿಟ್ಟೆ. "ಹಾಡು ಇಲ್ಲ, ಕೇಳುವವರೂ ಇಲ್ಲ. ಪರೀಕ್ಷೆಗೆ ಯಾರಾದರೂ ಮಾತಾಡಬೇಕು," ಎಂದೆ.

ಅವರು ಮೈಕನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಗಂಟಲು ಸರಿಪಡಿಸಿಕೊಂಡು, ಸಮಯ ಹೇಳಿದರು. ಗಾಳಿ ಯಾವ ದಿಕ್ಕಿನಿಂದ, ಕಡಲು ಹೇಗಿದೆ ಎಂದು ಹೇಳಿದರು. ಕಡಲು ಶಾಂತ ಎಂದರು. ಆಮೇಲೆ ಐದಾರು ಹೆಸರುಗಳು. ಯಾರೆಂದು ನಾನು ಕೇಳಲಿಲ್ಲ; ಬಕೆಟ್ ಎತ್ತಿದವರಿರಬೇಕು.

"ಕೇಣ್ತ್ ಮೇಡಂ, ಕೇಣ್ತ್!" ಎಂದು ಕೆಳಗಿನಿಂದ ಬೋಸನ್ ಕೂಗಿದರು. ರೇಡಿಯೋ ಕಿವಿಗೆ ಹಿಡಿದು ಡಾಕಿನ ಮೇಲೆ ಹಿಂದೆ ಹಿಂದೆ ನಡೆದರು. ಬಣ್ಣದ ಡಬ್ಬಿಗಳ ರಾಶಿಯ ಹತ್ತಿರ ನಿಂತು ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತು.

ಎಂಜಿನಿಯರ್ ಕಿಟಕಿಯಿಂದ ಅದನ್ನು ನೋಡುತ್ತಿದ್ದರು. "ಕೇಳುವವನನ್ನು ನೋಡಿದ್ದು ಇದೇ ಮೊದಲು," ಎಂದರು. ಇಳಿಯುವಾಗ ನನ್ನ ಕೈ ಹಿಡಿದರು. ಕ್ಷಮಿಸಿದರೋ, ಏಣಿಗೆ ಆಸರೆ ಬೇಕಿತ್ತೋ ಗೊತ್ತಾಗಲಿಲ್ಲ.

ಬೋಸನ್ ಹೊರಡುವ ದಿನ ನಾನೇ ಏರ್‌ಪೋರ್ಟಿಗೆ ಬಿಡುತ್ತೇನೆಂದೆ. ದಾರಿಯಲ್ಲಿ ನಜ್ಮಾ ಪೇಟೆಯಲ್ಲಿ ಗಾಡಿ ನಿಲ್ಲಿಸಲು ಹೇಳಿದರು. ತಮ್ಮನ ಮದುವೆಗೆಂದು ಅಲ್ಲಿ ಟೈಲರ್ ಬಳಿ ಪ್ಯಾಂಟು ಹೊಲಿಯಲು ಹಾಕಿದ್ದರಂತೆ. ರಜೆಗೆ ಹೋಗಲು ಇನ್ನೂ ತಿಂಗಳುಗಳಿವೆ ಎಂಬ ಲೆಕ್ಕದಲ್ಲಿ ಅವಸರ ಮಾಡಿರಲಿಲ್ಲ. ಅವರು ಗಲ್ಲಿಯೊಳಗೆ ಹೋಗಿ ಪ್ಲಾಸ್ಟಿಕ್ ಚೀಲ ಹಿಡಿದು ವಾಪಸು ಬಂದರು.

"ಆಗಿತ್ತಾ?" ಎಂದೆ.

"ಸೊಂಟ ಆಯ್ತ್. ಕಾಲ್ ಮಡ್ಚಿ ಹೊಲೂದ್ ಬಾಕಿ. ಸಂಜೆ ಬನ್ನಿ ಅಂದ." ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, "ಅಡ್ಡಿಲ್ಲ. ಊರಲ್ಲ್ ಹೊಲ್ಸ್ಕಂತೆ," ಎಂದರು.

ಏರ್‌ಪೋರ್ಟಿನವರೆಗೆ ಅವರು ಚೀಲವನ್ನು ಮಡಿಲಿನಿಂದ ತೆಗೆಯಲಿಲ್ಲ. ಇಳಿದು, ಪೆಟ್ಟಿಗೆಯನ್ನು ಟ್ರಾಲಿಗೆ ಹಾಕಿ, ಚೀಲವನ್ನು ಅದರ ಮೇಲಿಟ್ಟು, ಗಾಜಿನ ಬಾಗಿಲೊಳಗೆ ಹೋದರು. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುವವರೆಗೆ ನಾನು ಅಲ್ಲೇ ನಿಂತಿದ್ದೆ.